ಹಾಡು ಕೇಳುವವನ ವೇಷ

ಕಿವಿಯಲ್ಲಿ ತಂತಿ ಸಿಕ್ಕಿಸಿಕೊಂಡ ಮನುಷ್ಯನಿಗೆ ಲೋಕ ಕೊಡುವ ಮರ್ಯಾದೆಯೇ ಬೇರೆ. ಬಸ್ಸಿನ ಕಂಡಕ್ಟರು ಉಳಿದವರನ್ನೆಲ್ಲ ಗದರಿಸಿ ಟಿಕೀಟು ಕೊಟ್ಟರೂ ಇವನ ಭುಜವನ್ನು ಮಾತ್ರ ಎರಡು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾನೆ. ಮದುವೆ ಮನೆಯಲ್ಲಿ ಪಂಚಾಯ್ತಿ ಚುನಾವಣೆಯ ಕತೆ ಹೇಳಲು ಆಳು ಹುಡುಕುತ್ತ ಬರುವ ದೂರದ ನೆಂಟರು ಇವನನ್ನು ನೋಡಿ, ‘ಇರ್ಲಿ ಬಿಡ್ರಿ, ಹಾಡ ಕೇಳಾಕತ್ತಾರ’ ಎಂದು ಪಕ್ಕದವರ ಮೇಲೆ ಬೀಳುತ್ತಾರೆ. ಈ ಮರ್ಯಾದೆಯನ್ನು ನಾನು ಹೆಚ್ಚೂಕಡಿಮೆ ಒಂದು ವರ್ಷ ಉಂಡಿದ್ದೇನೆ. ಮೊದಲ ಹದಿನೈದು ದಿನ ಬಿಟ್ಟರೆ ಆ ವರ್ಷವಿಡೀ ನನ್ನ ತಂತಿಯಲ್ಲಿ ಒಂದು ಹಾಡೂ ಇರಲಿಲ್ಲ ಎಂಬುದನ್ನು ನಿಮ್ಮ ಹತ್ತಿರ ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಇಚಲಕರಂಜಿಯವನು. ಯಡ್ರಾವದ ಒಂದು ಶೆಡ್ಡಿನಲ್ಲಿ ವಿದ್ಯುತ್ ಮಗ್ಗಗಳ ಜಾಬರ್, ಅಂದರೆ ನಿಂತ ಮಗ್ಗವನ್ನು ಬಿಚ್ಚಿ, ಬಡಿದು, ಬೈದು ಮತ್ತೆ ಓಡಿಸುವವನು. ಹಾಡಿನ ಯಂತ್ರ ಬಂದದ್ದು ಮಗಳು ಸುಜಾತಾಳಿಂದ. ಗಡಹಿಂಗ್ಲಜಕ್ಕೆ ಕೊಟ್ಟಿರುವ ಈ ಒಬ್ಬಳೇ ಮಗಳು ಪಂಚಮಿಗೆ ತವರಿಗೆ ಬರುವಾಗ ಕೊಲ್ಲಾಪುರದಲ್ಲಿ ಇಳಿದು ತಂದಿದ್ದಳು. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ಬೆನ್ನಿಗೊಂದು ಕ್ಲಿಪ್ಪು, ಹೊಟ್ಟೆಯಲ್ಲಿ ಉಗುರಿನಷ್ಟು ಕಾರ್ಡು, ಆ ಕಾರ್ಡಿನ ತುಂಬ ಹಾಡು. ಫೋನಿನಲ್ಲೇ ಹಾಡು ಬರುತ್ತದಲ್ಲ ಎಂದು ನೀವು ಕೇಳಬಹುದು. ಬರುತ್ತದೆ, ಆದರೆ ಅದರಲ್ಲಿ ನನ್ನ ಮೈದುನನೂ ಬರುತ್ತಾನೆ. ಅಭಂಗ ಎರಡನೆಯ ಚರಣಕ್ಕೆ ಹತ್ತುವ ಹೊತ್ತಿಗೆ ಸರಿಯಾಗಿ ಅವನ ಕರೆ. ಈ ಪುಟ್ಟ ಯಂತ್ರಕ್ಕೆ ಯಾವ ಮೈದುನನ ಕಾಟವೂ ಇಲ್ಲ.

ನಮ್ಮ ಹಿಂದಿನವರು ರಾಗಗಳಿಗೆ ಹೊತ್ತು ಗೊತ್ತು ಮಾಡಿದ್ದರಂತೆ. ಬೆಳಗಿಗೆ ಭೈರವ, ದೀಪ ಹಚ್ಚುವ ಹೊತ್ತಿಗೆ ಯಮನ್, ಹೊತ್ತು ತಪ್ಪಿ ಹಾಡಿದವನಿಗೆ ಗುರುವಿನಿಂದ ಬೈಗುಳ. ನನ್ನ ಯಂತ್ರಕ್ಕೆ ಗುರುವೂ ಇಲ್ಲ, ಗಡಿಯಾರವೂ ಇಲ್ಲ. ಅದರಲ್ಲಿ ಹಾಡುಗಳನ್ನು ಕಲಸಿ ಬಡಿಸುವ ಒಂದು ಗುಂಡಿಯಿದೆ. ಕೊಲ್ಲಾಪುರದಲ್ಲಿ ಅಂಬಾಬಾಯಿ ದರ್ಶನದ ಸಾಲಿನಲ್ಲಿ ನಿಂತಾಗ ಯಾವಾಗ ಒತ್ತಿದ್ದೆನೋ ಏನೋ, ಅಭಂಗ ಮುಗಿದದ್ದೇ ತಡ ಢೋಲಕಿ ಬಾರಿಸಿಕೊಂಡು ಒಂದು ಲಾವಣಿ ಬಂದುಬಿಟ್ಟಿತು. ನಿಲ್ಲಿಸೋಣವೆಂದರೆ ಕೈಯಲ್ಲಿ ಹೂವಿನ ಬುಟ್ಟಿ. ಕಾಲು ನನ್ನ ಮಾತು ಕೇಳದೆ ಕುಣಿಯತೊಡಗಿತು. ಮುಂದಿದ್ದ ಅಜ್ಜಿಯೊಬ್ಬಳು ತಿರುಗಿ ನೋಡಿ, ನನ್ನ ಭಕ್ತಿಗೆ ಮೆಚ್ಚಿ, ತನಗಿಂತ ಮುಂದಕ್ಕೆ ಬಿಟ್ಟಳು.

ಹೀಗೆ ಚೆನ್ನಾಗಿಯೇ ನಡೆದಿತ್ತು. ಆದರೆ ಯಂತ್ರದ ಮೇಲೆ ನನಗೊಂದು ತಕರಾರು ಇತ್ತು. ದನಿ ಸಣ್ಣದು. ಮೂವತ್ತರ ತನಕ ಏರಿಸಬಹುದು, ಮೂವತ್ತಕ್ಕೇ ಇಟ್ಟರೂ ಹಾಡುವವರು ಓಣಿಯ ಆಚೆ ತುದಿಯಲ್ಲಿ ನಿಂತು ಹಾಡಿದ ಹಾಗೆ. ಮಗಳಿಗೆ ಯಾರೋ ಕೆಟ್ಟ ಮಾಲು ಕಟ್ಟಿದ್ದಾರೆ ಎಂದು ಸಿಟ್ಟು ಬಂತು. ಒಂದು ರವಿವಾರ ಕೊಲ್ಲಾಪುರಕ್ಕೆ ಹೋಗಿ ಆ ಅಂಗಡಿ ಹುಡುಕಿ ಜಗಳ ತೆಗೆದೆ. ಅಂಗಡಿಯವ ಸಮಾಧಾನದ ಮನುಷ್ಯ. ನನ್ನ ತಂತಿ ತೆಗೆದು ತನ್ನ ಕಿವಿಗಿಟ್ಟುಕೊಂಡ. ಇಟ್ಟುಕೊಂಡವನು ಚೇಳು ಕಡಿದವನಂತೆ ಕಿತ್ತೊಗೆದು, ಕಿವಿ ತಿಕ್ಕಿಕೊಳ್ಳುತ್ತ ನನ್ನನ್ನೇ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, ದನಿ ಎತ್ತರಿಸಿ ಕೇಳಿದ: “ಕಾಕಾ, ತುಮ್ಹೀ ಮಾಗಾವರ ಕಾಮ ಕರ್ತಾ ಕಾಯ?”

ಮಗ್ಗದ ಮೇಲೆ ಕೆಲಸ ಮಾಡುತ್ತೀರೇನು ಎಂದಷ್ಟೇ ಕೇಳಿದ್ದ. ನಾನು ಯಂತ್ರ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ಐವತ್ತಾರು ವರ್ಷಕ್ಕೆ, ಬೆಂಕಿಪೆಟ್ಟಿಗೆಯಂಥ ಒಂದು ವಸ್ತುವಿನಿಂದ, ನಾನು ಕಿವುಡನಾಗಿದ್ದೇನೆ ಎಂದು ತಿಳಿಯಿತು.

ಇಷ್ಟು ದಿನ ಹೇಗೆ ತಿಳಿಯಲಿಲ್ಲ ಎಂದರೆ, ನಮ್ಮೂರಿನಲ್ಲಿ ಅದು ತಿಳಿಯುವ ಬಾಬತ್ತೇ ಅಲ್ಲ. ಹಗಲೂರಾತ್ರಿ ಮಗ್ಗ ಬಡಿಯುವ ಇಚಲಕರಂಜಿಯಲ್ಲಿ ಗುಟ್ಟು ಹೇಳುವವನೂ ಕೂಗಿಯೇ ಹೇಳುತ್ತಾನೆ. ಚಹದಂಗಡಿಯಲ್ಲಿ ಇಬ್ಬರು ಗೆಳೆಯರು ಕ್ಷೇಮಸಮಾಚಾರ ಮಾತಾಡಿದರೆ ಪರಊರಿನವರು ಜಗಳ ಬಿಡಿಸಲು ಓಡಿಬರುತ್ತಾರೆ. ಎಲ್ಲರೂ ಕೂಗುವ ಊರಿನಲ್ಲಿ ಕಿವುಡ ಯಾರು, ಕಿವಿ ಇದ್ದವನು ಯಾರು? ಇನ್ನು ಕೆಲಸದ ಮಾತು. ಸದ್ದು ಕೇಳಿಯೇ ಮಗ್ಗದ ರೋಗ ಹಿಡಿಯುತ್ತೇನೆಂದು ನನಗೊಂದು ಹೆಸರಿದೆ. ಮರುದಿನ ನನ್ನನ್ನೇ ನಾನು ಗಮನಿಸಿ ನೋಡಿದರೆ, ರೋಗ ಹಿಡಿಯುತ್ತಿದ್ದದ್ದು ಮಗ್ಗದ ಚೌಕಟ್ಟಿನ ಮೇಲಿಟ್ಟ ನನ್ನ ಅಂಗೈ. ಕಿವಿ ಯಾವತ್ತೋ ರಜೆ ಹಾಕಿತ್ತು.

ಕೆಲಸದ ಚಿಂತೆ ಹೀಗೆ ತಪ್ಪಿತು. ನನಗೆ ಹೆದರಿಕೆ ಹುಟ್ಟಿದ್ದು ನನ್ನ ಸೋದರಮಾವನನ್ನು ನೆನೆದು. ಅವನಿಗೆ ಕಿವಿ ಹೋದ ಮೇಲೆ ಮನೆಯವರು ಅವನೊಂದಿಗೆ ಮೂರೇ ಮಾತು ಆಡುತ್ತಿದ್ದರು: ಉಣ್ಣು, ಮಲಕೋ, ಬಸ್ ಬಂತು ಏಳು. ಮನೆಯಲ್ಲಿ ಏನು ನಿಶ್ಚಯವಾದರೂ ಅವನಿಗೆ ಕಡೆಗೆ ಕೈಸನ್ನೆಯಿಂದ ತಿಳಿಸುತ್ತಿದ್ದರು. ನನ್ನ ಸುಜಾತಾ ನನ್ನೊಂದಿಗೆ ಮೂರು ಮಾತಿನಲ್ಲಿ ಮುಗಿಸುವ ದಿನ ಮಾತ್ರ ಬರಬಾರದು. ಅದಕ್ಕೇ ಉಪಾಯ ಹೂಡಿದೆ. ಕೇಳಿಸದಿದ್ದರೆ ತಪ್ಪು ನನ್ನದಲ್ಲ, ಹಾಡಿನದು! ಅಂದಿನಿಂದ ಯಂತ್ರವನ್ನು ಚಾರ್ಜ್ ಮಾಡುವುದನ್ನೇ ಬಿಟ್ಟು, ತಂತಿಯನ್ನು ಮಾತ್ರ ಕಿವಿಯಿಂದ ತೆಗೆಯಲಿಲ್ಲ. ಕಣ್ಣು ಮುಚ್ಚುವುದು, ತಲೆ ತೂಗುವುದು, ನಡುನಡುವೆ ಒಂದು ‘ವಾಹ್’. ಇಷ್ಟು ಒಳ್ಳೆಯ ರಸಿಕ ನಾನು ಹಾಡು ಕೇಳುತ್ತಿದ್ದಾಗಲೂ ಆಗಿರಲಿಲ್ಲ.

ಗಡಹಿಂಗ್ಲಜದ ಬೀಗರ ಮನೆಯಲ್ಲಿ ಈ ವೇಷ ಬಹಳ ಉಪಯೋಗಕ್ಕೆ ಬಂತು. ಅವರು ಮೆಲುದನಿಯ ಜನ. ಬೀಗಿತ್ತಿಯಂತೂ ಬೆಕ್ಕನ್ನೂ ‘ಹೋಗವ್ವಾ’ ಎಂದು ಬೇಡಿಕೊಳ್ಳುವ ಪೈಕಿ. ಆ ಮನೆಯಲ್ಲಿ ಇದ್ದೂ ಇದ್ದೂ ನನ್ನ ಮಗಳ ದನಿಯೂ ಸಣ್ಣಗಾಗಿತ್ತು. ನಾನು ಪಡಸಾಲೆಯ ಚಾಪೆಯ ಮೇಲೆ ಕಣ್ಣು ಮುಚ್ಚಿ ತಲೆ ತೂಗುತ್ತ ಕೂತರೆ ಊಟಕ್ಕೆ ಎಬ್ಬಿಸುವ ತನಕ ನಿಶ್ಚಿಂತೆ.

ನನ್ನ ಜಾಣತನ ಎಷ್ಟು ಎತ್ತರಕ್ಕೆ ಹೋಗಿದೆ ಎಂದು ತಿಳಿದದ್ದು ಒಂದು ಸಲ ಅಲ್ಲಿಂದ ವಾಪಸ್ಸು ಬರುವಾಗ, ಬಸ್ಸಿನಲ್ಲಿ. ಕಾಗಲ ಇನ್ನೂ ದೂರವಿತ್ತು. ನಮ್ಮಾಕಿ ನನ್ನ ಒಂದು ಕಿವಿಯ ತಂತಿ ಕಿತ್ತು, ಇಡೀ ಬಸ್ಸಿಗೆ ಕೇಳುವಂತೆ ಶುರು ಮಾಡಿದಳು.

“ಏನ್ರೀ, ಪೋರಿ ಎಷ್ಟ ಆಸೆ ಇಟ್ಕೊಂಡ ಕೇಳಿದ್ಲು! ಯಾಕ ಬ್ಯಾಡ ಅಂದ್ರಿ ನೀವು?”

“ಯಾವಾಗ? ಏನ ಕೇಳಿದ್ಲು?”

“ಹೋದಸಾರಿ ಅವ್ರ ಮನೀಗೆ ಹೋದಾಗ. ಹೊಲಿಗಿ ಕ್ಲಾಸ್ ಚಾಲೂ ಮಾಡ್ತೀನಿ ಅಪ್ಪಾ, ಅತ್ತೀ ಮುಂದ ಮಾತ ತಗೀಲ್ಯಾ ಅಂತ ನಿಮ್ಮ ಬಾಜೂನ ಕುಂತ ಕೇಳಿದ್ಲು. ನೀವು ಕಣ್ಣ ಸೈತ ತೆರೀಲಿಲ್ಲ. ಹಿಂಗ ಹಿಂಗ ಗೋಣ ಆಡಿಸಿದ್ರಿ. ಅಪ್ಪಗ ಮನಸ್ಸಿಲ್ಲ ಅಂತ ಬಿಟ್ಟಬಿಟ್ಟಾಳ.”

ಅವಳು ತೋರಿಸಿದ ಗೋಣು ಅತ್ತಿತ್ತ ಆಡುತ್ತಿತ್ತು. ಇಲ್ಲದ ಲಾವಣಿಯ ಇಲ್ಲದ ತಾಳಕ್ಕೆ ನಾನು ತಲೆ ತೂಗಿದ್ದೆ, ಮಗಳು ಅದನ್ನು ಉತ್ತರವೆಂದು ತಿಳಿದಿದ್ದಳು. ಸೋದರಮಾವನಿಗೆ ಮೂರು ಮಾತಾದರೂ ಉಳಿದಿದ್ದವು. ನಾನು ಮಗಳ ಬಾಯಿಯನ್ನೇ ಮುಚ್ಚಿಸಿದ್ದೆ. ಆವತ್ತು ಬಸ್ಸಿನಲ್ಲಿ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಫೋನ್ ಮಾಡಿ ‘ಹೂಂ’ ಅನ್ನಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ಅವಳ ಸಣ್ಣ ದನಿ ನನಗೆ ಎಲ್ಲಿ ಕೇಳಬೇಕು? ಎದುರಿಗೇ ಹೇಳಬೇಕೆಂದು ಮರುವಾರ, ನಮ್ಮಾಕಿ ಅಕಿವಾಟಕ್ಕೆ ಮದುವೆಗೆ ಹೋದ ದಿನ, ಒಬ್ಬನೇ ಗಡಹಿಂಗ್ಲಜದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳುವ ಮಾತನ್ನು ಮನಸ್ಸಿನಲ್ಲೇ ಪಾಠ ಮಾಡಿದೆ. ಬೀಗರ ಹೊಸ್ತಿಲು ದಾಟುವಾಗ ಧೈರ್ಯ ಕೈಕೊಟ್ಟಿತು. ತಂತಿ ತಾನಾಗಿಯೇ ಕಿವಿಗೆ ಹೋಯಿತು, ಕಣ್ಣು ಮುಚ್ಚಿತು.

ಮಧ್ಯಾಹ್ನ ನನಗೊಬ್ಬನಿಗೇ ತಾಟು ಹಾಕಿದ್ದರು. ಹೋಳಿಗೆ, ಕಟ್ಟಿನ ಸಾರು. ಬಡಿಸಿದ ಸುಜಾತಾ ನನ್ನೆದುರು ಕೂತಳು. ಇದ್ದಕ್ಕಿದ್ದಂತೆ ಕೈ ಚಾಚಿ, ನನ್ನ ಎಡಗಿವಿಯ ತಂತಿ ಎಳೆದು, ತನ್ನ ಕಿವಿಗಿಟ್ಟುಕೊಂಡಳು. ತನಗಿಂತ ಹೆಚ್ಚಾದ ಆ ಹಾಡು ಯಾವುದು ನೋಡೋಣ ಎಂದುಕೊಂಡಿದ್ದಳಂತೆ. ಕೇಳಿದಳು. ಹುಬ್ಬು ಗಂಟಿಕ್ಕಿದಳು. ಯಂತ್ರವನ್ನು ಜೇಬಿನಿಂದ ಬಿಡಿಸಿ ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಜೀವವೇ ಇಲ್ಲ. ತಲೆಯೆತ್ತಿ ನನ್ನ ಮುಖ ನೋಡಿದಳು. ಪಾಠ ಮಾಡಿದ ಮಾತೆಲ್ಲ ಮರೆತು ನಾನು ಕಿವಿ ಮುಟ್ಟಿಕೊಂಡು ‘ಇಲ್ಲ’ ಎಂದು ಕೈ ಅಲ್ಲಾಡಿಸಿದೆ. ಅವಳ ಕಣ್ಣು ತುಂಬಿಕೊಂಡವು.

ಬೈಯುತ್ತಾಳೆ ಅಂದುಕೊಂಡೆ. ಅವಳು ಬಾಯಿ ತೆರೆದಳು, ದನಿ ಮಾತ್ರ ಹೊರಡಿಸಲಿಲ್ಲ. ನಮ್ಮ ಶೆಡ್ಡುಗಳಲ್ಲಿ ನೂರಾರು ಮಗ್ಗ ಬಡಿಯುವಾಗ ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ. ಎದುರಿಗೆ ನಿಂತು ತುಟಿಯನ್ನಷ್ಟೇ ಆಡಿಸುತ್ತಾರೆ, ನೋಡುವವನು ಕಣ್ಣಿನಿಂದ ಕೇಳುತ್ತಾನೆ. ಇವಳ ಅವ್ವ ಮಷೀನಿನಲ್ಲಿ ಲಾಳಿಯ ಕಾಂಡಿಗೆ ನೂಲು ಸುತ್ತುತ್ತಿದ್ದ ಕಾಲದಲ್ಲಿ, ಮಷೀನಿನ ಪಕ್ಕ ಸೀರೆಯ ಜೋಳಿಗೆಯಲ್ಲಿ ಮಲಗಿ ಬೆಳೆದ ಕೂಸು ಇದು. ಮಾತಿಗಿಂತ ಮೊದಲು ತುಟಿ ಕಲಿತದ್ದು. ನಾನು ಪೆದ್ದ, ಆ ವಿದ್ಯೆ ಕೈಯಲ್ಲಿದ್ದೂ ರಸಿಕನ ವೇಷಕ್ಕಾಗಿ ವರ್ಷವಿಡೀ ಕಣ್ಣು ಮುಚ್ಚಿಕೊಂಡು ಕೂತಿದ್ದೆ.

‘ಸಾರಿಗೆ ಉಪ್ಪ ಜಾಸ್ತಿ ಆಗೇತಿ,’ ಎಂದವು ಅವಳ ತುಟಿಗಳು. ‘ಅತ್ತೀನ ಮಾಡ್ಯಾರ. ಸುಮ್ನ ಉಣ್ಣು.’

ಬೀಗಿತ್ತಿ ಒಳಬಾಗಿಲಲ್ಲೇ ನಿಂತಿದ್ದರು, ಅವರಿಗೆ ಒಂದಕ್ಷರ ಕೇಳಿಸಲಿಲ್ಲ. ನಾನು ಸುಮ್ಮನೆ ಉಂಡೆ. ಆ ಉಪ್ಪಿನ ಸಾರನ್ನು ಎರಡು ಸಲ ಹಾಕಿಸಿಕೊಂಡೆ, ಅಷ್ಟು ಸಂತೋಷವಾಗಿತ್ತು. ಸುಜಾತಾ ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ತುಟಿ ಆಡಿಸಿದಳು: ‘ಅಪ್ಪಾ, ಹೊಲಿಗಿ ಕ್ಲಾಸ್ ಚಾಲೂ ಮಾಡ್ಲ್ಯಾ?’

ಇಲ್ಲಿ ನಾನು ತುಟಿಯಲ್ಲೇ ಉತ್ತರ ಕೊಡಬೇಕಿತ್ತು. ಆದರೆ ಅವಳಿಗೆ ಸಲ್ಲಬೇಕಾದ ಉತ್ತರ ತಿಂಗಳುಗಟ್ಟಲೆ ತಡವಾಗಿತ್ತು, ಗಂಟಲು ತಡೆಯಲಿಲ್ಲ.

“ಮಾಡವ್ವಾ! ನಾಳೇನ ಚಾಲೂ ಮಾಡು!”

ಇಚಲಕರಂಜಿಯ ದನಿ ಅದು. ಹಿತ್ತಲಿನ ಕಾಗೆಗಳು ಎದ್ದು ಹೋದವಂತೆ. ಎದುರು ಮನೆಯವರು ಹೊರಗೆ ಬಂದರಂತೆ. ಬೀಗಿತ್ತಿಯ ಕೈಯಲ್ಲಿದ್ದ ಮಜ್ಜಿಗೆಯ ತಂಬಿಗೆ ಕೆಳಗೆ ಬಿದ್ದದ್ದನ್ನು ನಾನೇ ಕಂಡೆ. ಸುಜಾತಾ ತಲೆ ತಗ್ಗಿಸಿ ಅತ್ತೆಗೆ ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು. ನಡುವೆ ಒಮ್ಮೆ ನನ್ನ ಕಿವಿಯ ಕಡೆಗೂ ಕೈ ತೋರಿಸಿದಳು. ನಾನು ಕೈಯಲ್ಲಿದ್ದ ತುತ್ತನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಬೀಗಿತ್ತಿ ಚೆಲ್ಲಿದ ಮಜ್ಜಿಗೆಯನ್ನು ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ ಎಂದಿನ ಹಾಗೆ, ಗಾಳಿಗೂ ತಾಕದಂತೆ ಮೆಲ್ಲಗೆ ಮಾತಾಡಿದರು. ನನ್ನ ಕಣ್ಣು ತೆರೆದೇ ಇತ್ತು, ಆದ್ದರಿಂದ ಒಂದಕ್ಷರ ಬಿಡದೆ ಕೇಳಿಸಿತು.

“ಇಷ್ಟ ದಿನಾ ಯಾಕ ಹೇಳ್ಲಿಲ್ಲ ಹುಚ್ಚೀ? ಅಟ್ಟದ ಕೋಣಿ ಖಾಲೀನ ಐತೆಲ್ಲ.”