ಪಕ್ಕದ ಮನೆಯವರ ಬಂದೂಕು ಮತ

ನ್ಯೂಕ್ಯಾಸಲ್‌ನಲ್ಲಿ ನಮ್ಮ ಪಕ್ಕದ ಮನೆಯ ಮುದುಕರು ಡೇಲ್, ಬಂದೂಕು ಹಕ್ಕುಗಳ ಸಂಘವೊಂದರ ಆಜೀವ ಸದಸ್ಯರು. ಕಣ್ಣಿನ ಆಪರೇಷನ್ ಆಗಿದ್ದರಿಂದ, ಸಂಘದ ಆಡಳಿತ ಮಂಡಳಿ ಚುನಾವಣೆಯ ಮತಪತ್ರ ಓದಿ ಹೇಳು ಅಂತ ನನ್ನನ್ನು ಕರೆದರು. ಅಭ್ಯರ್ಥಿಗಳ ಪರಿಚಯ ಒಂದೊಂದಾಗಿ ಓದಿದೆ. ಎಲ್ಲರೂ ಬೇಟೆಗಾರರು, ಎಲ್ಲರೂ ದೇಶಭಕ್ತರು. ಇಪ್ಪತ್ತನೆಯವರ ಹೊತ್ತಿಗೆ ಡೇಲ್ ಸುಸ್ತಾಗಿ, "ನೀನೇ ಯಾರನ್ನಾದ್ರೂ ಆರಿಸಪ್ಪ" ಅಂದರು.

"ನಾನು ದೀಪಾವಳಿ ಪಿಸ್ತೂಲು ಬಿಟ್ರೆ ಬೇರೇನೂ ಹಿಡಿದವನಲ್ಲ" ಅಂದೆ.

"ಒಳ್ಳೇದೇ ಆಯ್ತು, ನಿಂಗೆ ಪಕ್ಷಪಾತ ಇರಲ್ಲ."

ಜೇನು ಸಾಕ್ತೀನಿ ಅಂತ ಬರೆದಿದ್ದ ಒಬ್ಬರಿಗೆ ಗುರುತು ಹಾಕಿದೆ. ಡೇಲ್ ಪೂರ್ತಿ ನಂಬಿ ಲಕೋಟೆಗೆ ಸಹಿ ಮಾಡಿದರು.

ಕೆಲವು ವಾರಗಳ ನಂತರ ಬೇಲಿಯಾಚೆಯಿಂದ ಕೂಗಿದರು: "ನಿನ್ನ ಕ್ಯಾಂಡಿಡೇಟ್ ಗೆದ್ದ!"

ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ಬೆಂಗಳೂರಿನಲ್ಲಿ ನಾನು ವೋಟು ಹಾಕಿದವರು ಒಬ್ಬರೂ ಇದುವರೆಗೆ ಗೆದ್ದಿಲ್ಲ.