ಚಳಿಗಾಲದಲ್ಲಿ ಅವು ಏನು ತಿನ್ನುತ್ತವೆ

ನಾಗವೇಣಿ ಮೇಡಂ ಕುರ್ಚಿಯಲ್ಲಿ ಕೂತು ಊಟ ಮಾಡಿದ್ದನ್ನು ನಾನು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ನೋಡಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಎಡಗೈಯಲ್ಲಿ ಹಿಡಿದುಕೊಂಡು, ಸ್ಟಾಫ್ ರೂಮಿನ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಚಿತ್ರಾನ್ನ ಮುಗಿಸುತ್ತಿದ್ದರು. ದಾರಿಯಲ್ಲಿ ನಮ್ಮ ಡಬ್ಬಿಗಳಲ್ಲೂ ಇಣುಕುತ್ತಿದ್ದರು.

“ಮೇಷ್ಟ್ರೇ, ನಿಮ್ಮನೇಲಿ ಅವರೆಕಾಳು ಶುರುವಾಗಿ ಎಷ್ಟು ದಿನ ಆಯ್ತು?”

“ಮೊನ್ನೆ ಭಾನುವಾರದಿಂದ ಮೇಡಂ. ಯಾಕೆ?”

“ಸುಮ್ನೆ. ಹೋದ ವರ್ಷ ಇಷ್ಟೊತ್ತಿಗೆ ನೀವು ಹಿತಕಬೇಳೆಗೆ ಬಂದಿದ್ರಿ.”

ಅಷ್ಟು ಹೇಳಿ ಮುಂದಿನ ಡಬ್ಬಿಗೆ ಹೋಗುತ್ತಿದ್ದರು. ದೊಡ್ಡಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಯಾವ ಜೀವಿ ಯಾವ ತಿಂಗಳಲ್ಲಿ ಏನು ತಿನ್ನುತ್ತದೆ ಎಂಬುದು ಅವರಿಗೆ ಒಂದು ಗೀಳು. ಹೊಲದ ಇಲಿಯಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಯಾರೂ ಅದರಿಂದ ತಪ್ಪಿಸಿಕೊಂಡಿರಲಿಲ್ಲ. ಮದುವೆಯಾಗಿರಲಿಲ್ಲ. ಪವರ್‌ಲೂಮ್‌ಗಳ ಬೀದಿಯೊಂದರಲ್ಲಿ ತಾಯಿ ಗಂಗಮ್ಮ, ತಮ್ಮ ಮಂಜುನಾಥ ಮತ್ತು ಅವನ ಸಂಸಾರದ ಜೊತೆ ಇದ್ದರು. ಕೆಳಗಡೆ ಮಂಜುನಾಥನ ನಾಲ್ಕು ಮಗ್ಗಗಳು ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಿದ್ದವು. ಆ ಸದ್ದಿನಲ್ಲೇ ಓದಿ ಡಾಕ್ಟರೇಟ್ ಮಾಡಿದವರು.

ಇಂಥವರು ಮೂವತ್ತೆಂಟನೆಯ ವಯಸ್ಸಿನಲ್ಲಿ, ಅದುವರೆಗೆ ಸಮುದ್ರವನ್ನೇ ನೋಡದವರು, ಒಂದು ವರ್ಷ ರಜೆ ಹಾಕಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಗೆ ಹೊರಟುಬಿಟ್ಟರು. ಅಲ್ಲಿ ಓರ್ಕಾ ಎಂಬ ಕಪ್ಪು ಬಿಳುಪಿನ ದೊಡ್ಡ ಜೀವಿಗಳ ಒಂದು ಬಳಗವಿದೆ. ಕೊಲೆಗಾರ ತಿಮಿಂಗಿಲ ಎಂದು ಜನ ಅದಕ್ಕೆ ಹೆಸರಿಟ್ಟಿದ್ದಾರೆ. ಆ ಬಳಗದಲ್ಲಿ ಉಳಿದಿರುವುದು ನೂರೂ ಇಲ್ಲ. ಅವು ಏನು ತಿನ್ನುತ್ತವೆ ಎಂದು ತಿಳಿಯಲು ಒಂದು ತಂಡ ದೋಣಿಯಲ್ಲಿ ಅವುಗಳ ಹಿಂದೆ ದೂರದಿಂದ ಹೋಗಿ, ನೀರ ಮೇಲೆ ತೇಲುವ ಅವುಗಳ ಮಲವನ್ನು ಬಲೆಯಲ್ಲಿ ಎತ್ತಿ ಸೀಸೆಯಲ್ಲಿ ತುಂಬುತ್ತಿತ್ತು. ಆ ಮಲದಲ್ಲಿ ತಿಂದ ಮೀನಿನ ಗುರುತು ಉಳಿದಿರುತ್ತದೆ. ಮೇಡಂ ಆ ತಂಡಕ್ಕೆ ಸೇರಿಕೊಂಡರು.

ಹಿಂದಿರುಗಿದ ಮೇಲೆ ಮಕ್ಕಳಿಗೆ ಅದನ್ನು ಹೇಳಲು ಸೆಮಿನಾರ್ ಹಾಲಿನಲ್ಲಿ ಒಂದು ಕಾರ್ಯಕ್ರಮ ಮಾಡಿದೆವು. ಹತ್ತಿರದ ಮಧುರೆ ಹಳ್ಳಿಯ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು, “ಸಗಣಿ ಎತ್ತೋಕೆ ಅಷ್ಟು ದೂರ ಹೋದ್ರಾ ಮೇಡಂ? ನಮ್ಮನೇಗೆ ಬಂದಿದ್ರೆ ಆಗ್ತಿತ್ತು” ಎಂದಳು. ಹಾಲ್ ನಕ್ಕಿತು. ಮೇಡಂ ಎಲ್ಲರಿಗಿಂತ ಹೆಚ್ಚು ನಕ್ಕರು.

“ನಿಮ್ಮ ಹಸು ಏನು ತಿಂತು ಅಂತ ನಿಂಗೆ ಗೊತ್ತು ಕಣಮ್ಮ, ನೀನೇ ಹಾಕಿರ್ತೀಯ. ಅವಕ್ಕೆ ಹಾಕೋರು ಯಾರು? ಬೇಸಿಗೇಲಿ ಚಿನೂಕ್ ಅಂತ ಒಂದು ದೊಡ್ಡ ಸಾಲ್ಮನ್ ಮೀನು ನದಿ ಕಡೆ ಬರುತ್ತೆ, ಅದನ್ನೇ ತಿಂತವೆ. ಪಕ್ಕದಲ್ಲೇ ಕೊಬ್ಬಿದ ಸೀಲ್ ಪ್ರಾಣಿ ಈಜ್ತಿದ್ರೂ ಮುಟ್ಟಲ್ಲ. ಅಮ್ಮ, ಅಜ್ಜಿ ಏನು ಕಲಿಸಿದ್ರೋ ಅದೇ ಊಟ. ಚಿನೂಕ್ ಸಿಕ್ಕದೆ ಇದ್ರೆ ಸೊರಗ್ತವೆ, ಕತ್ತಿನ ಹಿಂದೆ ಹಳ್ಳ ಬೀಳುತ್ತೆ. ಬೇಸಿಗೆ ಕತೆ ಎಲ್ರಿಗೂ ಗೊತ್ತು. ಚಳಿಗಾಲದ್ದು ಸರಿಯಾಗಿ ಗೊತ್ತಿರ್ಲಿಲ್ಲ. ಆಗ ಸಮುದ್ರ ಕೆಟ್ಟದಾಗಿರುತ್ತೆ, ಯಾರೂ ದೋಣಿ ತೆಗೆಯಲ್ಲ. ನಾನು ತೆಗೆಸಿದೆ.”

ಹೇಗೆ ತೆಗೆಸಿದರು ಎಂಬುದನ್ನು ನನಗೆ ಆಮೇಲೆ ಹೇಳಿದರು. ದೋಣಿ ನಡೆಸುವವನು ಜನವರಿಯಲ್ಲಿ ಆಗುವುದಿಲ್ಲ ಎಂದನಂತೆ. ಇವರು ನಾಲ್ಕು ದಿನ ಬೆಳಗಾದರೆ ಅವನ ಮನೆಯ ಮುಂದೆ ಹೋಗಿ ಅತ್ತಿಂದಿತ್ತ ನಡೆಯುತ್ತಿದ್ದರಂತೆ. ಐದನೆಯ ದಿನ ಅವನ ಹೆಂಡತಿಯೇ, ಈ ಹೆಂಗಸನ್ನು ನೋಡಿ ನೋಡಿ ನನಗೆ ತಲೆ ಸುತ್ತುತ್ತಿದೆ, ಕರೆದುಕೊಂಡು ಹೋಗು ಎಂದಳಂತೆ. “ದಾರಿಯುದ್ದಕ್ಕೂ ವಾಂತಿ ಮೇಷ್ಟ್ರೇ. ಒಂದು ಕೈಲಿ ಕಂಬಿ, ಒಂದು ಕೈಲಿ ಸೀಸೆ. ಸೀಸೆ ಬಿಡ್ಲಿಲ್ಲ.”

ಇಡೀ ಚಳಿಗಾಲಕ್ಕೆ ಸಿಕ್ಕಿದ್ದು ಇಪ್ಪತ್ತು ಚಿಲ್ಲರೆ ಸೀಸೆ. ಅವುಗಳ ಪರೀಕ್ಷೆಯಾಗಿ, ವರದಿ ಸಿದ್ಧವಾಗಿ, ಅಚ್ಚಿಗೆ ಹೋಗುವುದಿತ್ತು. ಅದು ಬಂದರೆ ಅಲ್ಲಿಯೇ ಅವರಿಗೊಂದು ಖಾಯಂ ಹುದ್ದೆ ಸಿಗುತ್ತದೆ ಎಂದು ಅವರ ಮಾರ್ಗದರ್ಶಕರು ಬರೆದಿದ್ದರು. ಕಳಿಸುವ ಮೊದಲು ಕೊನೆಯದಾಗಿ ಸೀಸೆಗಳ ಚೀಟಿಗಳನ್ನು ಪಟ್ಟಿಯ ಜೊತೆ ತಾಳೆ ನೋಡಬೇಕಿತ್ತು. ಒಂದು ಎರಡನೇ ಶನಿವಾರ ಮೇಡಂ ನನ್ನನ್ನು ಮನೆಗೆ ಕರೆದರು.

ಗಂಗಮ್ಮನವರು ನನಗೆ ಉಪ್ಪಿಟ್ಟು ತಂದುಕೊಟ್ಟು, “ನೀವಾದ್ರೂ ಕೂತ್ಕೊಂಡು ತಿನ್ನಿ ಮೇಷ್ಟ್ರೇ” ಎಂದರು. ಲ್ಯಾಪ್‌ಟಾಪಿನಲ್ಲಿ ಚೀಟಿಗಳ ಫೋಟೋಗಳಿದ್ದವು, ಮೇಡಂ ಕೈಬರಹದಲ್ಲಿ. ನಾನು ಓದಬೇಕು, ಅವರು ಓಡಾಡುತ್ತಾ ಕೈಯಲ್ಲಿದ್ದ ಪಟ್ಟಿಗೆ ಟಿಕ್ ಹಾಕಬೇಕು. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಅಲ್ಲಿಯವರೆಗೆ ಬರೀ ಅಂಕಿಗಳನ್ನು ಓದುತ್ತಿದ್ದವನು ಈ ಸಲ ತಿಂಗಳ ಹೆಸರು ಹೇಳಿದೆ.

“ಹದಿನಾಲ್ಕನೇ ಸೀಸೆ. ನವೆಂಬರ್ ಮೂರು” ಎಂದೆ.

“ಮಾರ್ಚ್ ಹನ್ನೊಂದು” ಎಂದರು ಮೇಡಂ, ಪಟ್ಟಿ ನೋಡಿ.

“ಇಲ್ಲಿ ಮೂರು, ಗೆರೆ, ಹನ್ನೊಂದು ಅಂತಿದೆ. ಮೂರನೇ ತಾರೀಖು, ಹನ್ನೊಂದನೇ ತಿಂಗಳು. ನವೆಂಬರ್ ಅಲ್ವಾ?”

ಅವರು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಹಿಂದಿನ ಚೀಟಿಗಳನ್ನು ತೆಗೆಸಿದರು. ಒಂದು, ಗೆರೆ, ಹನ್ನೊಂದು. ಎರಡು, ಗೆರೆ, ಹನ್ನೊಂದು. ನವೆಂಬರಿನ ಮೊದಲ ಮೂರು ದಿನ ತುಂಬಿದ ಏಳು ಸೀಸೆಗಳು. ನಾವು ತಾರೀಖು ಮೊದಲು ಬರೆದು ತಿಂಗಳು ಆಮೇಲೆ ಬರೆಯುತ್ತೇವೆ. ಅಲ್ಲಿಯವರು ತಿಂಗಳು ಮೊದಲು. ಲ್ಯಾಬಿನಲ್ಲಿ ಅವನ್ನು ಜನವರಿ ಹನ್ನೊಂದು, ಫೆಬ್ರವರಿ ಹನ್ನೊಂದು, ಮಾರ್ಚ್ ಹನ್ನೊಂದು ಎಂದು ಓದಿ ಚಳಿಗಾಲದ ಸಾಲಿಗೆ ಸೇರಿಸಿದ್ದರು.

ನನಗೆ ಅದರಲ್ಲಿ ದೊಡ್ಡದೇನೂ ಕಾಣಲಿಲ್ಲ. “ತಿದ್ದಿಬಿಡಿ ಮೇಡಂ” ಎಂದೆ.

“ತಿದ್ದಿದ್ರೆ ವರದಿನೇ ಇಲ್ಲ ಮೇಷ್ಟ್ರೇ.” ಅವರ ಧ್ವನಿ ಮಗ್ಗದ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ. “ಆ ಏಳರಲ್ಲೂ ಚಮ್ ಅನ್ನೋ ಬೇರೆ ಸಾಲ್ಮನ್ ಇದೆ. ಅದು ಬರೋದು ನವೆಂಬರ್ ಸುತ್ತಮುತ್ತ ಮಾತ್ರ. ನಾವು ಚಳಿಗಾಲ ಪೂರ್ತಿ ಅದನ್ನ ತಿಂದು ಹೊಟ್ಟೆ ಹೊರೀತವೆ ಅಂತ ಬರೆದಿದೀವಿ. ಅದನ್ನ ನಂಬಿದ್ರೆ, ಚಳಿಗಾಲದ ಚಿನೂಕ್ ಹಿಡಿಯೋಕೆ ಮೀನುಗಾರರಿಗಿರೋ ತಡೆನ ಅಲ್ಲಿನ ಸರ್ಕಾರದವರು ಸಡಿಲ ಮಾಡ್ತಾರೆ.”

ಸೋಮವಾರದಿಂದ ಎರಡು ದಿನ ಅವರು ಕಾಲೇಜಿಗೆ ಬರಲಿಲ್ಲ. ಮಂಗಳವಾರ ಸಂಜೆ ನಾಗರಕೆರೆಯ ಏರಿಯ ಮೇಲೆ ಸಿಕ್ಕರು. ಎಷ್ಟು ಸಲ ಆ ಏರಿಯನ್ನು ಅಳೆದಿದ್ದರೋ, ಚಪ್ಪಲಿಯ ಒಂದು ಪಟ್ಟಿ ಕಿತ್ತುಹೋಗಿತ್ತು, ಪಿನ್ನು ಹಾಕಿಕೊಂಡು ನಡೆಯುತ್ತಿದ್ದರು. ನಾನು ಅವರ ವೇಗಕ್ಕೆ ಹೆಜ್ಜೆ ಹಾಕಲು ಓಡಬೇಕಾಯಿತು.

“ಯಾರಿಗಾದ್ರೂ ಗೊತ್ತಾಗುತ್ತಾ?” ಎಂದು ಕೇಳಿದೆ. ಕೇಳಬಾರದಿತ್ತು.

“ಇಲ್ಲ. ಯಾವತ್ತೂ ಗೊತ್ತಾಗಲ್ಲ. ಅದೇ ಯೋಚ್ನೆ ಮಾಡ್ತಿದೀನಿ.” ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು: “ಸುಮ್ನಿದ್ರೆ ನಂಗೇನೂ ಆಗಲ್ಲ. ಅಲ್ಲಿ ಹೋಗ್ತೀನಿ, ಕೆಲ್ಸ ಮಾಡ್ತೀನಿ. ಹಸ್ಕೊಂಡಿರೋದು ಆ ಓರ್ಕಾ. ಅದಕ್ಕೆ ತಾರೀಖು ಓದೋಕೆ ಬರಲ್ಲ.”

ಏರಿಯ ತುದಿಯಲ್ಲಿ ನನ್ನನ್ನು ಬಿಟ್ಟು ಮತ್ತೆ ಹಿಂದಕ್ಕೆ ನಡೆದರು. ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿಗೆ ಬಂದವರೇ, “ಕಳಿಸಿಬಿಟ್ಟೆ. ನಂದೇ ತಪ್ಪು ಅಂತ ಬರೆದೆ. ಚೀಟಿಗಳನ್ನೂ ಕಳಿಸ್ದೆ” ಎಂದು ಹೇಳಿ ತರಗತಿಗೆ ಹೋದರು.

ವರದಿ ನಿಂತಿತು. ಹುದ್ದೆಯ ಮಾತು ಮತ್ತೆ ಬರಲಿಲ್ಲ. ಮಾರ್ಗದರ್ಶಕರು ಹದಿನೈದು ದಿನ ಉತ್ತರವನ್ನೇ ಕೊಡಲಿಲ್ಲ. ಆ ಹದಿನೈದು ದಿನ ಮೇಡಂ ಒಂದು ಪಾಠವನ್ನೂ ಪೂರ್ತಿ ಮಾಡಲಾರದೆ, ಮಧ್ಯೆ ಮಧ್ಯೆ ಹೊರಗೆ ಬಂದು ಫೋನ್ ನೋಡಿ ಒಳಗೆ ಹೋಗುತ್ತಿದ್ದರು. ಕೊನೆಗೆ ಎರಡು ಸಾಲಿನ ಉತ್ತರ ಬಂತು. ಚಳಿಗಾಲದ ಸೀಸೆಗಳು ಮತ್ತೆ ಬೇಕು, ಬಂದು ತುಂಬಿಸಲು ಸಿದ್ಧವಿದ್ದರೆ ದೋಣಿಯಲ್ಲಿ ಜಾಗವಿದೆ, ಸಂಬಳವಿಲ್ಲ.

ಪ್ರಿನ್ಸಿಪಾಲರು ರಜೆ ಕೊಡಲು ಒಪ್ಪಲಿಲ್ಲ. “ಒಂದ್ಸಲ ಹೋಗಿ ಕೆಡಿಸಿ ಬಂದಿದ್ದು ಸಾಲ್ದಾ?” ಎಂದರಂತೆ. ಇವರು ಸಂಬಳವಿಲ್ಲದ ರಜೆ ಬರೆದಿಟ್ಟು ಹೊರಟೇಬಿಟ್ಟರು. ದೇವನಹಳ್ಳಿಯ ಏರ್‌ಪೋರ್ಟಿಗೆ ಮಂಜುನಾಥನ ಗೂಡ್ಸ್ ಆಟೋದಲ್ಲಿ ನಾನೂ ಹೋಗಿದ್ದೆ. ಸೂಟ್‌ಕೇಸಿನ ಜೊತೆ ಸೀರೆ ಬಾಕ್ಸಿನಲ್ಲಿ ಗಂಗಮ್ಮನವರು ಕಟ್ಟಿಕೊಟ್ಟ ಚಕ್ಕುಲಿ. ಇಳಿಯುವಾಗ ಕೇಳಿದೆ: “ಅಲ್ಲಿ ಹೋಗಿ ನೋಡಿದ್ರೆ ಮೊದಲು ಬರೆದಿದ್ದೇ ನಿಜ ಆಗಿದ್ರೆ ಏನ್ಮಾಡ್ತೀರಿ?”

“ಹಂಗೇ ಬರೀತೀನಿ. ಏನು ತಿನ್ನಬೇಕು ಅಂತ ಅದಕ್ಕೆ ಹೇಳೋಕೆ ಹೋಗ್ತಿಲ್ಲವಲ್ಲ ಮೇಷ್ಟ್ರೇ, ಏನು ತಿಂದೆ ಅಂತ ಕೇಳೋಕೆ ಹೋಗ್ತಿದೀನಿ.”

ನವೆಂಬರಿನಿಂದ ಮಾರ್ಚಿನವರೆಗೆ ಇದ್ದು, ಬಣ್ಣಗೆಟ್ಟು, ತುಟಿಯೆಲ್ಲ ಒಡೆದುಕೊಂಡು ಬಂದರು. ಪ್ರಿನ್ಸಿಪಾಲರು ಗೊಣಗುತ್ತಲೇ ಕೆಲಸಕ್ಕೆ ಮತ್ತೆ ಸೇರಿಸಿಕೊಂಡರು. ಸೀಸೆಗಳು ಮೊದಲ ಸಲಕ್ಕಿಂತ ಎರಡರಷ್ಟು ಸಿಕ್ಕಿದ್ದವು. ಫಲಿತಾಂಶಕ್ಕೆ ಕಾಯುವುದು ಮಾತ್ರ ಉಳಿದಿತ್ತು. ಏಪ್ರಿಲ್, ಮೇ, ಜೂನ್. ಅವರ ಓಡಾಟ ಸ್ಟಾಫ್ ರೂಮಿನಲ್ಲಿ ಹಿಡಿಸದೆ ಕಾರಿಡಾರಿಗೆ ಬಂತು. ಜುಲೈನ ಒಂದು ಶನಿವಾರ ಸಂಜೆ ಗೇಟಿನ ಹತ್ತಿರ, “ಇನ್ನೂ ಬಂದಿಲ್ಲ ಮೇಷ್ಟ್ರೇ. ನಿಮ್ಮ ಮೇಲ್ ಐಡಿನೂ ಕೊಟ್ಟಿದೀನಿ, ನಂದು ಆಗಾಗ ಕೈ ಕೊಡುತ್ತೆ. ನೋಡ್ತಿರಿ” ಎಂದರು. ಬಸ್ಸು ಬಂತು, ನಾನು ಹತ್ತಿದೆ. ಸೋಮವಾರ ಬೆಳಿಗ್ಗೆ ಮನೆಯ ಮೆಟ್ಟಿಲಿಳಿಯುವಾಗ ಕುಸಿದರಂತೆ. ಮೆದುಳಿನಲ್ಲಿ ರಕ್ತಸ್ರಾವ. ಆಸ್ಪತ್ರೆ ಸೇರುವ ಮೊದಲೇ ಮುಗಿದಿತ್ತು. ಹನ್ನೊಂದು ದಿನ ಮಂಜುನಾಥ ಮಗ್ಗ ಹಾಕಲಿಲ್ಲ.

ಮೇಲ್ ಬಂದದ್ದು ಸೆಪ್ಟೆಂಬರಿನಲ್ಲಿ, ನನಗೆ. ನಾನು ಅದನ್ನು ನಾಲ್ಕು ಸಲ ಓದಿದೆ, ಗೊತ್ತಿಲ್ಲದ ಪದಗಳನ್ನು ಪ್ರಾಣಿಶಾಸ್ತ್ರಕ್ಕೆ ಹೊಸದಾಗಿ ಬಂದವರ ಹತ್ತಿರ ಕೇಳಿಕೊಂಡೆ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಅವರ ಮನೆಗೆ ಹೋದೆ. ಗಂಗಮ್ಮನವರು ಜಗಲಿಯ ಮೇಲೆ ದಾರದ ಉಂಡೆ ಬಿಡಿಸುತ್ತಿದ್ದರು. ಓದಿ ಹೇಳಿದೆ. ಚಳಿಗಾಲದಲ್ಲೂ ಅವು ಹೆಚ್ಚಾಗಿ ಚಿನೂಕನ್ನೇ ಹುಡುಕಿಕೊಂಡು ಹೋಗುತ್ತವೆ, ಅದು ಸಾಲದಾದಾಗ ಸಮುದ್ರದ ತಳದ ಬೇರೆ ಮೀನುಗಳನ್ನು ತಿನ್ನುತ್ತವೆ. ಆದ್ದರಿಂದ ಚಳಿಗಾಲದ ಚಿನೂಕನ್ನು ಹಿಡಿಯಲು ಇರುವ ತಡೆಯನ್ನು ಸಡಿಲಿಸುವುದಿಲ್ಲ. ಸೀಸೆ ತುಂಬಿದವರು ನಾಗವೇಣಿ ಎಂದು ವರದಿಯ ಮೊದಲ ಪುಟದಲ್ಲೇ ಇದೆ.

ಗಂಗಮ್ಮನವರು ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಕೇಳುತ್ತಿದ್ದರು. ನಾನು ಹಾಳೆ ಮಡಚಿದೆ.

“ಹಂಗಾದ್ರೆ ಅವಕ್ಕೆ ಊಟ ಸಿಗುತ್ತಾ ಮೇಷ್ಟ್ರೇ?”

“ಇನ್ನು ಮೇಲೆ ಸ್ವಲ್ಪ ಸಿಗಬಹುದು ಅಮ್ಮ. ಇರೋದನ್ನ ಅವುಗಳಿಗೇ ಬಿಡ್ತಾರಂತೆ.”

“ಬಿಡ್ಲಿ” ಎಂದರು. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬಾರದಿದ್ದರೂ ಒಮ್ಮೆ ಬಿಡಿಸಿ ನೋಡಿ, ಸೆರಗಿನಲ್ಲಿ ಕಟ್ಟಿಕೊಂಡರು.