ಒಂಬತ್ತು ನಿಮಿಷದ ಗಿಡುಗ

ಬೆಳಗಿನ ಆರು ಗಂಟೆ. ರನ್‌ವೇ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಬ್ಬ ಹೆಂಗಸು ಎರಡು ಗಿಡುಗಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಜೀವ ಇರುವ ಗಿಡುಗಗಳಲ್ಲ. ಹಗುರ ಮರದಲ್ಲಿ ಮಾಡಿ, ಕಂದು ಬಣ್ಣ ಬಳಿದು, ಮೂತಿಗೆ ಪುಟ್ಟ ಎಂಜಿನ್ ಕೂರಿಸಿದ ಮಾದರಿ ವಿಮಾನಗಳು. ಕೈಯಲ್ಲೊಂದು ರಿಮೋಟ್ ಹಿಡಿದು ಇವನ್ನು ಹಾರಿಸಿ, ರನ್‌ವೇ ಮೇಲೆ ಕೂತ ಹಕ್ಕಿಗಳನ್ನು ಓಡಿಸುವುದು ಇವರ ಕೆಲಸ. ಆರೂ ಮೂವತ್ತೈದಕ್ಕೆ ಒಂಬತ್ತು ಸೀಟಿನ ವಿಮಾನ ಬಂದಿಳಿಯುತ್ತದೆ. ಅಷ್ಟರೊಳಗೆ ಅಲ್ಲಿ ಒಂದು ಹಕ್ಕಿಯೂ ಇರಕೂಡದು.

ಈ ಸಣ್ಣ ನಿಲ್ದಾಣದಲ್ಲಿ ಎಲ್ಲರಿಗೂ ಇವರು ಗಿಡುಗದಕ್ಕ. ವಯಸ್ಸು ಐವತ್ತೆರಡು. ಹುಲ್ಲು ಕತ್ತರಿಸುವ ಕೆಲಸಕ್ಕೆಂದು ಬಂದವರು. ಹನ್ನೊಂದು ವರ್ಷದ ಹಿಂದೆ ಇವರ ಕಣ್ಣೆದುರಿಗೇ ಎರಡು ಟಿಟ್ಟಿಭಗಳು ಇಳಿಯುತ್ತಿದ್ದ ವಿಮಾನದ ಗಾಜಿಗೆ ಬಡಿದವು. ವಿಮಾನ ಹುಲ್ಲಿಗೆ ನುಗ್ಗಿ ಅಡ್ಡ ಬಿತ್ತು. ಪೈಲಟ್ ಒಂದು ಕಣ್ಣು ಕಳಕೊಂಡರು. "ಆ ಸದ್ದು ಈಗಲೂ ಕಿವೀಲಿದೆ," ಎನ್ನುತ್ತಾರೆ ಅಕ್ಕ. "ಹುಲ್ಲು ಕತ್ತರಿಸ್ತಾ ನಾನೇ ಆ ಹಕ್ಕಿಗಳನ್ನ ನೋಡಿದ್ದೆ. ಓಡಿಸಬೇಕು ಅಂತ ಹೊಳೀಲೇ ಇಲ್ಲ ನೋಡಿ."

ಆಮೇಲೆ ನಿಲ್ದಾಣದ ಮುದುಕ ಫಿಟ್ಟರ್ ಒಬ್ಬರು ಮೊದಲ ಗಿಡುಗ ಮಾಡಿಕೊಟ್ಟರು. ಅದರ ಎಂಜಿನ್ ಡೀಸೆಲ್, ಲೇತ್ ಮೇಲೆ ಅವರೇ ಕಡೆದದ್ದು. ಡೀಸೆಲ್ ಬರೀ ಹೆಸರಿಗೆ; ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿ ಕುಡಿಸಬೇಕು. ಪ್ಲಗ್ಗೂ ಬೇಡ, ಬ್ಯಾಟರಿಯೂ ಬೇಡ. ತಲೆಯ ಮೇಲಿನ ತಿರುಪು ಸರಿಯಾಗಿ ತಿರುಗಿಸಿ ಬೆರಳಲ್ಲಿ ಮೂತಿಯ ಫ್ಯಾನು ಹೊಡೆದರೆ ತಾನೇ ಹತ್ತಿಕೊಳ್ಳುತ್ತದೆ. ಸಿಟ್ಟು ಬಂದರೆ ತಿರುಗಿ ಬೆರಳಿಗೇ ಹೊಡೆಯುತ್ತದೆ. ಅಕ್ಕನ ಬಲಗೈ ತೋರುಬೆರಳಿನ ಉಗುರು ಮೂರು ಸಲ ಕಿತ್ತು ಬಂದಿದೆ, ನಾಲ್ಕನೆಯದು ಸೊಟ್ಟಗೆ ಬೆಳೆದಿದೆ. ಫಿಟ್ಟರ್ ತೀರಿಕೊಂಡು ಐದು ವರ್ಷವಾಯಿತು.

ಎರಡನೆಯದು ಗ್ಲೋ ಎಂಜಿನ್ನಿನದು, ಆಫೀಸಿನವರು ಹೋದ ವರ್ಷ ಕೊಂಡದ್ದು. ಇದರ ಪ್ಲಗ್ಗಿನಲ್ಲಿ ಕೂದಲಿನಂಥ ತಂತಿ ಇದೆ. ಶುರುವಿಗೆ ಬ್ಯಾಟರಿ ತಾಗಿಸಿ ಅದನ್ನು ಕೆಂಪಗೆ ಕಾಯಿಸಬೇಕು. ಆಮೇಲೆ ಬ್ಯಾಟರಿ ಕಿತ್ತರೂ ಎಂಜಿನ್ ತನ್ನ ಬಿಸಿಯಲ್ಲೇ ಓಡುತ್ತದೆ. ಕುಡಿಯುವುದು ಮೆಥನಾಲ್, ಜತೆಗೆ ಹರಳೆಣ್ಣೆ.

"ಗ್ಲೋ ಹೇಳಿದ ಮಾತು ಕೇಳತ್ತೆ. ಮೆತ್ತಗೆ ಅಂದ್ರೆ ಮೆತ್ತಗೆ, ಇಳಿ ಅಂದ್ರೆ ಇಳಿಯತ್ತೆ. ಡೀಸೆಲ್ಲಿಗೆ ಗೊತ್ತಿರೋದು ಒಂದೇ ವೇಗ. ಎತ್ತ ಬೇಕಾದ್ರೂ ತಿರುಗಿಸಬಹುದು, ನಿಲ್ಲಿಸೋಕಾಗಲ್ಲ. ಹೊಟ್ಟೆ ಖಾಲಿ ಆಗೋತನಕ ಬಾಯಿ ಮುಚ್ಚಲ್ಲ, ನಮ್ಮ ಅತ್ತೆ ತರ." ಹೇಳಿ ನಗುತ್ತಾರೆ. ಇವತ್ತಿನ ಮಟ್ಟಿಗೆ ಅದೇ ಅವರ ಕೊನೆಯ ನಗು.

ಯಾಕೆಂದರೆ ಹೊರಗೆ ಮಂಜು. ರನ್‌ವೇ ಮೇಲೆ ಮೊಣಕಾಲೆತ್ತರ, ಬೇಲಿಯಾಚೆ ಜೊಂಡಿನ ಕಡೆ ಗೋಡೆ ಕಟ್ಟಿದಂತೆ ದಟ್ಟ. ವಿಮಾನ ನೆಲ ಮುಟ್ಟುವ ತುದಿಯಲ್ಲೇ ಅರವತ್ತು ಎಪ್ಪತ್ತು ಟಿಟ್ಟಿಭಗಳು ಬೀಡುಬಿಟ್ಟಿವೆ. ಚಳಿಗೆ ಮೈ ಮುದುಡಿ ಕೂತ ಹಕ್ಕಿ ಚಪ್ಪಾಳೆಗೆಲ್ಲ ಕ್ಯಾರೇ ಅನ್ನುವುದಿಲ್ಲ.

ಆರೂ ಹತ್ತಕ್ಕೆ ಅಕ್ಕ ಗ್ಲೋ ಗಿಡುಗವನ್ನು ಎತ್ತಿಕೊಳ್ಳುತ್ತಾರೆ. ಬೇಕೆಂದಾಗ ಇಳಿಸಬಹುದಾದದ್ದೇ ಕ್ಷೇಮ. ಬ್ಯಾಟರಿ ತಾಗಿಸಿ ಫ್ಯಾನು ತಿರುಗಿಸುತ್ತಾರೆ; ಕೀಚಲು ದನಿಯಲ್ಲಿ ಹತ್ತಿಕೊಳ್ಳುತ್ತದೆ. ಬ್ಯಾಟರಿ ಕೀಳುತ್ತಾರೆ, ಗಪ್‌ಚಿಪ್. ಮತ್ತೆ ತಾಗಿಸಿದರೆ ಓಡುತ್ತದೆ, ಕಿತ್ತರೆ ಸಾಯುತ್ತದೆ. ಪ್ಲಗ್ ಬದಲಿಸುತ್ತಾರೆ, ಅದೇ ರಾಗ. ಮೆಥನಾಲ್ ಡಬ್ಬಿ ಎತ್ತಿ ಮುಚ್ಚಳ ಮುಟ್ಟಿ ನೋಡಿದವರೇ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮುಚ್ಚಳ ಸಡಿಲ. ಮೆಥನಾಲ್ ಗಾಳಿಯ ತೇವವನ್ನೆಲ್ಲ ಹೀರಿಕೊಳ್ಳುತ್ತದೆ. ನೀರು ಕುಡಿದ ಎಣ್ಣೆಯಲ್ಲಿ ಪ್ಲಗ್ಗಿನ ತಂತಿ ಕಾವು ಹಿಡಿಯುವುದಿಲ್ಲ.

"ನಂದೇ ತಪ್ಪು," ಎನ್ನುತ್ತಾರೆ. "ನಿನ್ನೆ ನಾನೇ ಮುಚ್ಚಿದ್ದು."

ಉಳಿದದ್ದು ಡೀಸೆಲ್. ಸಿರಿಂಜಿನಲ್ಲಿ ಎಣ್ಣೆ ಎಳೆಯುತ್ತಾರೆ. ನಿಮಿಷಕ್ಕೆ ನಾಲ್ಕು ಎಮ್ಮೆಲ್, ಇದು ಅಕ್ಕನ ಬಾಯಿಪಾಠ. ಆರೂ ಇಪ್ಪತ್ತನಾಲ್ಕಕ್ಕೆ ಹಾರಿಸಿದರೆ ಆರೂ ಮೂವತ್ತಮೂರಕ್ಕೆ ಇಳಿಯಬೇಕು. ಒಂಬತ್ತು ನಿಮಿಷ, ಮೂವತ್ತಾರು ಎಮ್ಮೆಲ್. ಕಡಿಮೆಯಾದರೆ ಹಕ್ಕಿಗಳು ವಾಪಸ್ ಬಂದು ಕೂರುತ್ತವೆ. ಜಾಸ್ತಿಯಾದರೆ ಬರುವ ವಿಮಾನಕ್ಕೆ ತಮ್ಮ ಗಿಡುಗವೇ ಅಡ್ಡ. ಸಿರಿಂಜನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡುತ್ತಾರೆ. ತಿರುಪನ್ನು ಕಾಲು ಸುತ್ತು ಸಡಿಲಿಸಿ, ಸೊಟ್ಟ ಉಗುರಿನ ಬೆರಳಲ್ಲಿ ಫ್ಯಾನು ಹೊಡೆಯುತ್ತಾರೆ. ನಾಲ್ಕನೇ ಏಟಿಗೆ ಎಂಜಿನ್ ಗುಡುಗುಟ್ಟುತ್ತದೆ. ಶೆಡ್ಡಿನ ತುಂಬ ಈಥರ್ ವಾಸನೆ. "ಈ ವಾಸನೆಗೆ, ನಾನು ಹೋದ್ರೆ ಮನೇಲಿ ಎಲ್ಲರೂ ಆಸ್ಪತ್ರೆ ಬಂತು ಅಂತಾರೆ," ಎನ್ನುತ್ತಲೇ ಗಿಡುಗವನ್ನು ಮೇಲಕ್ಕೆ ಎಸೆಯುತ್ತಾರೆ.

ಗಿಡುಗ ಮಂಜಿನ ಮೇಲೆ ತೇಲಿ ಒಂದು ಸುತ್ತು ಹೊಡೆಯುತ್ತದೆ. ಅರ್ಧ ಹಕ್ಕಿಗಳು ಕಿರುಚಿಕೊಂಡು ಏಳುತ್ತವೆ, ಉಳಿದವು ಜಗ್ಗುವುದಿಲ್ಲ. ಆರೂ ಇಪ್ಪತ್ತೇಳಕ್ಕೆ ಅಕ್ಕನ ಸೊಂಟದ ವಾಕಿಟಾಕಿ ಗರಗರ ಅನ್ನುತ್ತದೆ. ರೇಡಿಯೋ ಕೋಣೆಯ ಹುಡುಗನ ದನಿ.

"ಅಕ್ಕಾ, ಹಿಂದಿನಿಂದ ಗಾಳಿ ಬೀಸಿ ಬೇಗ ಬಂದುಬಿಟ್ಟಿದಾರೆ. ಇನ್ನು ನಾಲ್ಕೇ ನಿಮಿಷ."

"ಒಂದು ಸುತ್ತು ಹಾಕಿಸು ತಮ್ಮಾ."

"ಕೇಳ್ದೆ ಅಕ್ಕಾ. ಈಗ ರನ್‌ವೇ ಕಾಣ್ತಿದೆಯಂತೆ. ಮಂಜು ಮುಚ್ಚಿಬಿಟ್ರೆ ಇನ್ನೆಲ್ಲೂ ಇಳಿಯೋ ಜಾಗ ಇಲ್ಲ ಅಂತಾರೆ."

ಗಿಡುಗದ ಹೊಟ್ಟೆಯಲ್ಲಿ ಆರು ನಿಮಿಷದ ಎಣ್ಣೆ. ವಿಮಾನ ಬರಲು ನಾಲ್ಕು. ಉಳಿದ ಎರಡು ನಿಮಿಷ ಪಕ್ಕದಲ್ಲೆಲ್ಲೋ ಸುತ್ತಿಸುತ್ತಿರೋಣ ಎಂದರೆ ಅಲ್ಲಿ ಮಂಜಿನ ಗೋಡೆ. ಕಣ್ಣಿಗೆ ಕಾಣದ ಗಿಡುಗ ಎತ್ತ ತಿರುಗೀತೋ ಯಾರು ಬಲ್ಲರು. ಅಕ್ಕ ಬಾಯಲ್ಲೇ ಎಣಿಸುತ್ತಿದ್ದಾರೆ. ನೆಲಕ್ಕೆ ತಾಗಿಯೇಬಿಟ್ಟಿತು ಎನ್ನುವಷ್ಟು ಕೆಳಗೆ ಗಿಡುಗವನ್ನು ನುಗ್ಗಿಸುತ್ತಾರೆ, ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಇಡೀ ಹಿಂಡು ಎದ್ದು ದೂರದ ಕೆರೆಯ ಕಡೆ ಹೊರಟುಹೋಗುತ್ತದೆ. ಅಷ್ಟರಲ್ಲಿ ವಿಮಾನದ ದೀಪ ಕಾಣುತ್ತದೆ. ಎಂಜಿನ್ ಇನ್ನೂ ಗುಡುಗುತ್ತಲೇ ಇದೆ.

ಅಕ್ಕ ಗಿಡುಗವನ್ನು ಬೇಲಿಯ ಕಡೆಗೆ ತಿರುಗಿಸುತ್ತಾರೆ. ಮಂಜಿಗೆ ಹೊಗುವ ಮುಂಚೆ ಮೂತಿ ಕೆಳಗೆ ಮಾಡಿ ನೇರ ಜೊಂಡಿನ ಅಂಚಿಗೆ ಇಳಿಸಿಬಿಡುತ್ತಾರೆ. ಪಟ್ ಎಂದು ಒಂದು ಸದ್ದು, ಆಮೇಲೆ ನಿಶ್ಶಬ್ದ. ಅವರು ಅತ್ತ ನೋಡುವುದೂ ಇಲ್ಲ. ಕಣ್ಣೆಲ್ಲ ವಿಮಾನದ ಚಕ್ರದ ಮೇಲೆ. ಚಕ್ರ ನೆಲ ಮುಟ್ಟಿ, ಉರುಳಿ, ನಿಲ್ಲುವವರೆಗೂ ಉಸಿರು ಬಿಟ್ಟ ಹಾಗೆ ಕಾಣುವುದಿಲ್ಲ.

ಒಂಬತ್ತು ಜನ ಇಳಿಯುತ್ತಾರೆ. ಒಬ್ಬರು ಆಕಳಿಸುತ್ತಾರೆ, ಮಗು ಎತ್ತಿಕೊಂಡ ತಾಯಿಯೊಬ್ಬಳು ಚೀಲ ಹುಡುಕುತ್ತಾಳೆ. ಮಂಡಿಯವರೆಗೆ ಕೆಸರು ಮೆತ್ತಿಕೊಂಡು, ಮುರಿದ ರೆಕ್ಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿರುವ ಹೆಂಗಸಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಎಂಜಿನ್ ಉಳಿದಿದೆ. ಅಕ್ಕ ಅದನ್ನು ಸೆರಗಿನಂಚಿನಲ್ಲಿ ಒರೆಸಿ, ಫ್ಯಾನು ತಿರುಗಿಸಿ, ಒಳಗಿನ ಬಿಗಿ ಬೆರಳಿಗೆ ತಾಗಿದ ಮೇಲೆ "ಸದ್ಯ" ಎನ್ನುತ್ತಾರೆ. "ಫಿಟ್ಟರಜ್ಜ ಇದ್ದಿದ್ರೆ ಬೈದುಕೊಂಡೇ ಹೊಸ ರೆಕ್ಕೆ ಮಾಡಿಕೊಡ್ತಿದ್ರು. ಇನ್ನು ನಾನೇ ಕಲೀಬೇಕು."

ಏನು ಬೇಕು ನಿಮಗೆ ಎಂದರೆ, ಆ ಡೀಸೆಲ್ಲಿಗೆ ದೂರದಿಂದಲೇ ಎಣ್ಣೆ ನಿಲ್ಲಿಸುವ ಒಂದು ಪುಟ್ಟ ನಲ್ಲಿ ಬೇಕು, ಅಷ್ಟೇ ಎನ್ನುತ್ತಾರೆ.

ಆಫೀಸಿನಲ್ಲಿ ಪೈಲಟ್ ರಿಜಿಸ್ಟರಿಗೆ ಸಹಿ ಹಾಕಿ ಹೋಗಿದ್ದಾರೆ. ಅಕ್ಕ ದಿನವೂ ಮನೆಗೆ ಹೊರಡುವ ಮುಂಚೆ ಅದನ್ನು ತೆರೆದು ನೋಡುತ್ತಾರೆ. ಇಳಿದ ಹೊತ್ತು, ಗಾಳಿ, ಮಂಜು, ಕೊನೆಯ ಕಾಲಮಿನಲ್ಲಿ ಹಕ್ಕಿ. ಅದರ ಮುಂದೆ ಇವತ್ತೂ ಪೈಲಟ್ ಅವಸರದಲ್ಲಿ ಒಂದೇ ಮಾತು ಗೀಚಿದ್ದಾರೆ: ಇಲ್ಲ.

ಅಕ್ಕ ಕೆಸರು ಮೆತ್ತಿದ ಸೊಟ್ಟ ಉಗುರನ್ನು ಅದರ ಕೆಳಗೆ ಇಡುತ್ತಾರೆ.

"ಹನ್ನೊಂದು ವರ್ಷದ ಪುಟ ತಿರುವಿ ಹಾಕಿ, ನನ್ನ ಹೆಸರು ಎಲ್ಲೂ ಸಿಗಲ್ಲ," ಎನ್ನುತ್ತಾರೆ. "ಈ 'ಇಲ್ಲ' ಅಂತ ಬರೆದಿದಾರಲ್ಲ, ಅದೇ ನಾನು."